ಹೊಟ್ಟೆಗೆ ಬರೆದ ಮಾತ್ರೆ, ಮನಸ್ಸಿಗೆ ಬರೆದ ಮಾತ್ರೆ

(ಮನೋರೋಗಕ್ಕೆ ಚಿಕಿತ್ಸೆ ಪಡೆಯುತ್ತಿರುವವರು ಮತ್ತು ಅವರ ಮನೆಯವರ ಎದುರು ಹಾಸನದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಆಯಾ ಜಾಗದಲ್ಲಿಯೇ ಸೇರಿಸಲಾಗಿದೆ.)

ಸಭೆಗೆ ನಮಸ್ಕಾರ.

ನಾನು ಮನೋವೈದ್ಯನಾಗಿದ್ದರೂ ಇಂದು ಮಾತನಾಡಬೇಕಾಗಿರುವುದು ಹೊಟ್ಟೆಯ ವಿಷಯ. ಖಿನ್ನತೆಗೋ, ಆತಂಕಕ್ಕೋ, ಬೈಪೋಲಾರ್ ಕಾಯಿಲೆಗೋ, ಸ್ಕಿಜೋಫ್ರೇನಿಯಾಕ್ಕೋ ವರ್ಷಗಳಿಂದ ಔಷಧ ತೆಗೆದುಕೊಳ್ಳುತ್ತಿರುವವರಲ್ಲಿ ಅನೇಕರಿಗೆ ಕರುಳಿನ ತೊಂದರೆಯೂ ಇರುತ್ತದೆ. ಅವರು ಹೊಟ್ಟೆಯ ವೈದ್ಯರ ಬಳಿ ಹೋಗುತ್ತಾರೆ. ರಕ್ತ, ಮಲ, ಸ್ಕ್ಯಾನಿಂಗ್ ಎಂದು ಪರೀಕ್ಷೆಗಳೆಲ್ಲ ಮುಗಿದ ಮೇಲೆ ರಾತ್ರಿ ನುಂಗಲು ಒಂದು ಸಣ್ಣ ಮಾತ್ರೆಯನ್ನು ಅವರೂ ಬರೆದುಕೊಡುತ್ತಾರೆ. ಮನೆಗೆ ಬಂದ ಮೇಲೆ ಮಗನೋ ಮಗಳೋ ಮೊಬೈಲಿನಲ್ಲಿ ಅದರ ಹೆಸರು ಹಾಕಿ ನೋಡಿದಾಗ ಅದು ಖಿನ್ನತೆಯ ಔಷಧವೆಂದು ಗೊತ್ತಾಗುತ್ತದೆ. “ಹೊಟ್ಟೆಗೆ ಅಂತ ಹೋದ್ರೆ ಇನ್ನೊಂದು ತಲೆ ಮಾತ್ರೆ ಕೊಟ್ಟವ್ರೆ ಡಾಕ್ಟ್ರೇ” ಎಂದು ನನ್ನ ಮುಂದೆ ಕುಳಿತು ಬೇಸರಪಟ್ಟುಕೊಂಡವರು ಬಹಳ ಮಂದಿ. ಹಾಗೆ ಬೇಸರಪಟ್ಟುಕೊಂಡವರಲ್ಲಿ ಕೆಲವರು ಅದನ್ನು ಕಪಾಟಿನಲ್ಲಿಟ್ಟು ಸುಮ್ಮನಾಗುತ್ತಾರೆ. ಕೆಲವರು ನುಂಗುತ್ತಾರೆ, ಆದರೆ ಮನೋವೈದ್ಯರಿಗೆ ಹೇಳುವುದಿಲ್ಲ. ಇನ್ನು ಕೆಲವರು ಹೊಸದೂ ಖಿನ್ನತೆಯ ಮಾತ್ರೆಯೇ ತಾನೆ ಎಂದುಕೊಂಡು ಹಳೆಯದನ್ನು ತಾವೇ ನಿಲ್ಲಿಸಿಬಿಡುತ್ತಾರೆ. ನನಗೆ ಅತಿ ಹೆಚ್ಚು ಭಯವಾಗುವುದು ಈ ಕೊನೆಯವರ ಬಗ್ಗೆ.

ಹೊಟ್ಟೆಗಾಗಿ ಖಿನ್ನತೆ ನಿವಾರಕ ಕೊಡುವುದು ಸರಿಯಾದ ಚಿಕಿತ್ಸೆಯೇ. ಆದರೆ ಮನೋರೋಗದ ಔಷಧ ಆಗಲೇ ನಡೆಯುತ್ತಿರುವವರಲ್ಲಿ, ಹೊಸ ಮಾತ್ರೆಯ ಮೊದಲ ಗುಳಿಗೆ ಒಳಗೆ ಹೋಗುವ ಮುನ್ನ, ಅವರು ನುಂಗುತ್ತಿರುವ ಎಲ್ಲ ಔಷಧಗಳನ್ನೂ ಯಾರಾದರೂ ಒಬ್ಬ ವೈದ್ಯರು ಒಟ್ಟಿಗೆ ನೋಡಿರಬೇಕು. ಇಂದಿನ ಮಾತೆಲ್ಲ ಇದಕ್ಕೆ ಸಂಬಂಧಿಸಿದ್ದು.

ಮೊದಲು ಕಾಯಿಲೆಯ ಬಗ್ಗೆ. ಇರಿಟೇಬಲ್ ಬವೆಲ್ ಸಿಂಡ್ರೋಮ್, ಚಿಕ್ಕದಾಗಿ ಐಬಿಎಸ್ ಎಂದು ಕರೆಯುವ ಈ ತೊಂದರೆಯಲ್ಲಿ ಹೊಟ್ಟೆ ನುಲಿಯುತ್ತದೆ, ಉಬ್ಬರಿಸುತ್ತದೆ. ಕೆಲವರಿಗೆ ಪದೇಪದೇ ಭೇದಿಯಾದರೆ ಕೆಲವರಿಗೆ ಮಲಬದ್ಧತೆ, ಮತ್ತೆ ಕೆಲವರಿಗೆ ಎರಡೂ ಸರದಿಯಲ್ಲಿ. ಪ್ರಪಂಚದಾದ್ಯಂತ ವೈದ್ಯರು ಬಳಸುವ ರೋಮ್ ಮಾನದಂಡದ 2016ರ ಪರಿಷ್ಕರಣೆಯ ಪ್ರಕಾರ, ಹಿಂದಿನ ಮೂರು ತಿಂಗಳಲ್ಲಿ ಸರಾಸರಿ ವಾರಕ್ಕೊಂದು ದಿನವಾದರೂ ಹೊಟ್ಟೆನೋವು ಬಂದಿರಬೇಕು. ಆ ನೋವು ಮಲವಿಸರ್ಜನೆಗೆ ಸಂಬಂಧಿಸಿರಬೇಕು, ಇಲ್ಲವೇ ಮಲದ ಗಟ್ಟಿತನದಲ್ಲಿ ಅಥವಾ ಎಷ್ಟು ಸಲ ಹೋಗಬೇಕಾಗುತ್ತದೆ ಎಂಬುದರಲ್ಲಿ ಆದ ಬದಲಾವಣೆಯೊಡನೆ ಬರಬೇಕು. ಇಂಥ ಕನಿಷ್ಠ ಎರಡು ಲಕ್ಷಣಗಳಿದ್ದು, ತೊಂದರೆ ಆರಂಭವಾಗಿ ಆರು ತಿಂಗಳಾದರೂ ಆಗಿರಬೇಕು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಜ್ವರ, ನಿದ್ದೆಯಿಂದ ಎಬ್ಬಿಸುವ ಭೇದಿ, ಐವತ್ತರ ಆಸುಪಾಸಿನಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡ ತೊಂದರೆ, ಮನೆತನದಲ್ಲಿ ಕರುಳಿನ ಕ್ಯಾನ್ಸರ್ ಇವುಗಳಲ್ಲಿ ಒಂದಿದ್ದರೂ ಐಬಿಎಸ್ ಎಂದು ಹಣೆಪಟ್ಟಿ ಹಚ್ಚುವ ಮೊದಲು ಬೇರೆ ಕಾರಣವನ್ನು ಹುಡುಕಲೇಬೇಕು. ನಮ್ಮ ದೇಶದಲ್ಲಿ ಕರುಳಿನ ಕ್ಷಯವನ್ನೂ ಮರೆಯುವಂತಿಲ್ಲ. ಮನೋರೋಗದ ಔಷಧ ನುಂಗುವವರ ವಿಷಯದಲ್ಲಿ ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಇವರ ಹೊಟ್ಟೆನೋವನ್ನು “ಅದೂ ಮನಸ್ಸಿನದೇ” ಎಂದು ತಳ್ಳಿಹಾಕುವ ಅಭ್ಯಾಸ ಮನೆಯಲ್ಲಿಯೂ ಇದೆ, ಆಸ್ಪತ್ರೆಗಳಲ್ಲಿಯೂ ಇದೆ.

ಹಾಗಾದರೆ ಖಿನ್ನತೆಯ ಔಷಧಕ್ಕೆ ಕರುಳಿನಲ್ಲಿ ಏನು ಕೆಲಸ? ಅನ್ನನಾಳದಿಂದ ಗುದದ್ವಾರದವರೆಗೆ ಕರುಳಿನ ಗೋಡೆಯೊಳಗೆ ಕೋಟ್ಯಂತರ ನರಕೋಶಗಳ ಸ್ವಂತ ಜಾಲವೊಂದಿದೆ. ನರಕೋಶಗಳ ನಡುವೆ ಸುದ್ದಿ ಒಯ್ಯುವ ರಾಸಾಯನಿಕವಾದ, ದೇಹದ ಸೆರೊಟೋನಿನ್‌ನಲ್ಲಿ ಶೇಕಡಾ 90ಕ್ಕೂ ಹೆಚ್ಚು ತಯಾರಾಗುವುದು ಕರುಳಿನಲ್ಲಿಯೇ. ಐಬಿಎಸ್ ಇರುವವರಲ್ಲಿ ಈ ಜಾಲವೂ, ಅದರ ಸುದ್ದಿಯನ್ನು ಮಿದುಳಿಗೆ ಒಯ್ಯುವ ನರಗಳೂ ಅತಿಸೂಕ್ಷ್ಮವಾಗಿರುತ್ತವೆ. ಬೇರೆಯವರಿಗೆ ಗೊತ್ತೇ ಆಗದಷ್ಟು ವಾಯು ತುಂಬಿದರೂ ಇವರಿಗೆ ನಿಜವಾದ ನೋವಾಗುತ್ತದೆ. ಅಮಿಟ್ರಿಪ್ಟಿಲಿನ್, ನಾರ್ಟ್ರಿಪ್ಟಿಲಿನ್, ಇಮಿಪ್ರಮಿನ್ ಮುಂತಾದ ಟ್ರೈಸೈಕ್ಲಿಕ್ ಗುಂಪಿನ ಔಷಧಗಳು ಆ ನೋವಿನ ಸಂಕೇತವನ್ನು ತಗ್ಗಿಸುತ್ತವೆ, ಕರುಳಿನ ಓಟವನ್ನೂ ನಿಧಾನಿಸುತ್ತವೆ. ಇವು ಹೊಸ ಔಷಧಗಳೇನಲ್ಲ. ಅಮಿಟ್ರಿಪ್ಟಿಲಿನ್ 1961ರಿಂದಲೂ ಬಳಕೆಯಲ್ಲಿದೆ. ಖಿನ್ನತೆಗೆ ಸಾಮಾನ್ಯವಾಗಿ ದಿನಕ್ಕೆ 75ರಿಂದ 150 ಮಿಲಿಗ್ರಾಂ ಬೇಕಾದರೆ ಕರುಳಿಗೆ 10ರಿಂದ 30 ಮಿಲಿಗ್ರಾಂ ಸಾಕಾಗುತ್ತದೆ.

ಇದಕ್ಕೆ ಗಟ್ಟಿಯಾದ ಆಧಾರವೂ ಇದೆ. ಅಟ್ಲಾಂಟಿಸ್ ಎಂಬ ಹೆಸರಿನ ಅಧ್ಯಯನವೊಂದು 2023ರಲ್ಲಿ ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಂಗ್ಲೆಂಡಿನ 55 ಕುಟುಂಬ ವೈದ್ಯರ ಚಿಕಿತ್ಸಾಲಯಗಳಲ್ಲಿ, ಮೊದಲ ಹಂತದ ಚಿಕಿತ್ಸೆಯಿಂದ ಗುಣ ಕಾಣದ 463 ಐಬಿಎಸ್ ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಅಮಿಟ್ರಿಪ್ಟಿಲಿನ್, ಉಳಿದವರಿಗೆ ಔಷಧವಿಲ್ಲದ ತೋರಿಕೆಯ ಮಾತ್ರೆ ಕೊಟ್ಟು ಆರು ತಿಂಗಳು ನೋಡಿದರು. 10 ಮಿಲಿಗ್ರಾಂನಿಂದ ಆರಂಭಿಸಿ, ತಾಳಿಕೆಯನ್ನು ನೋಡಿಕೊಂಡು 30ರವರೆಗೆ ಏರಿಸಲಾಯಿತು. ಔಷಧ ಪಡೆದವರಲ್ಲಿ ಶೇಕಡಾ 61ರಷ್ಟು, ತೋರಿಕೆಯ ಮಾತ್ರೆ ಪಡೆದವರಲ್ಲಿ ಶೇಕಡಾ 45ರಷ್ಟು ಮಂದಿ ತಮಗೆ ನೆಮ್ಮದಿ ಸಿಕ್ಕಿತೆಂದರು. ಆದರೆ ಆತಂಕ ಮತ್ತು ಖಿನ್ನತೆಯ ಅಳತೆಗಳಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಹೊಟ್ಟೆ ಸುಧಾರಿಸಿದ್ದು ಮನಸ್ಸು ಹಗುರವಾದದ್ದರಿಂದ ಎಂದು ಹೇಳಲು ಅಲ್ಲಿ ಆಧಾರವಿಲ್ಲ. ಹೊಟ್ಟೆಯ ವೈದ್ಯರು ಈ ಮಾತ್ರೆ ಬರೆದಾಗ ನಿಮ್ಮ ನೋವನ್ನು ಸುಳ್ಳೆಂದು ಅವರು ಹೇಳುತ್ತಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಮಾತು ನನಗೆ ಸಿಕ್ಕಿಲ್ಲ. ಹಾಗೆಯೇ, ಕರುಳಿಗೆ ಕೊಡುವ 10 ಮಿಲಿಗ್ರಾಂ ನಿಮ್ಮ ಖಿನ್ನತೆಯ ಚಿಕಿತ್ಸೆಯ ಜಾಗವನ್ನು ತುಂಬಲಾರದು ಎಂಬುದೂ ಇದರಿಂದಲೇ ತಿಳಿಯುತ್ತದೆ. ಹಳೆಯ ಮಾತ್ರೆಯನ್ನು ನಿಲ್ಲಿಸಬಾರದು.

ಇನ್ನು ಔಷಧಗಳು ಒಟ್ಟುಗೂಡುವ ವಿಷಯಕ್ಕೆ ಬರುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಒಂದು ಪ್ರಸಂಗ ಹೇಳುತ್ತೇನೆ. ಅರಕಲಗೂಡಿನ ಕಡೆಯ ನಲವತ್ತರ ಹೆಣ್ಣುಮಗಳು. ಖಿನ್ನತೆಗೆ ಫ್ಲುಯೊಕ್ಸೆಟಿನ್ 40 ಮಿಲಿಗ್ರಾಂ ತೆಗೆದುಕೊಂಡು ಚೆನ್ನಾಗಿಯೇ ಇದ್ದವರು. ಹೊಟ್ಟೆನೋವಿಗೆಂದು ಬೇರೆ ಕಡೆ ತೋರಿಸಿಕೊಂಡ ಮೇಲೆ ಬೆಳಿಗ್ಗೆ ಏಳಲಾಗದಷ್ಟು ಮಂಪರು, ನಾಲಗೆ ಅಂಗುಳಕ್ಕೆ ಅಂಟುವಷ್ಟು ಬಾಯಿ ಒಣಗುವುದು, ಎದೆ ಡವಡವ, ಎದ್ದು ನಿಂತರೆ ಕಣ್ಣು ಕತ್ತಲೆ. ಮಾತ್ರೆಗಳೆಲ್ಲವನ್ನೂ ತಂದಿದ್ದೀರಾ ಅಮ್ಮ ಎಂದು ಕೇಳಿದಾಗ ಅವರು ಪ್ಲಾಸ್ಟಿಕ್ ಕವರೊಂದನ್ನು ಮೇಜಿನ ಮೇಲೆ ಸುರಿದರು. ಬಿಡಿ ಮಾತ್ರೆ ಕೊಡುವಾಗ ಔಷಧದಂಗಡಿಯಲ್ಲಿ ಸ್ಟ್ರಿಪ್ಪನ್ನು ಕತ್ತರಿಯಿಂದ ತುಂಡರಿಸುತ್ತಾರಲ್ಲ, ಅಂಥ ನಾಲ್ಕಾರು ತುಂಡುಗಳಿದ್ದವು. ಒಂದರ ಮೇಲೆ ಹೆಸರಿನ ಕೊನೆಯ ಮೂರಕ್ಷರ ಮಾತ್ರ ಉಳಿದಿತ್ತು. ಇನ್ನೊಂದರಲ್ಲಿ ಬೆಲೆಯ ಭಾಗವಷ್ಟೇ ಇತ್ತು. ಚೀಟಿಯೊಂದಿಗೆ ಹೋಲಿಸಿ ನೋಡಿದಾಗ ಒಂದು ಅಮಿಟ್ರಿಪ್ಟಿಲಿನ್ 25 ಮಿಲಿಗ್ರಾಂ. ಇನ್ನೊಂದು ಕ್ಲಾರ್‌ಡಯಾಜಿಪಾಕ್ಸೈಡ್, ಕ್ಲಿಡಿನಿಯಮ್, ಡೈಸೈಕ್ಲೊಮಿನ್ ಮೂರೂ ಸೇರಿದ ಮಾತ್ರೆ.

ಆ ಕವರಿನಲ್ಲಿ ತಪ್ಪು ಔಷಧ ಯಾವುದೂ ಇರಲಿಲ್ಲ. ಆದರೆ ಅಮಿಟ್ರಿಪ್ಟಿಲಿನ್‌ನಂಥ ಔಷಧಗಳನ್ನು ಯಕೃತ್ತಿನಲ್ಲಿ ಕರಗಿಸಿ ಹೊರಹಾಕುವ ಕಿಣ್ವಗಳಲ್ಲಿ ಸಿವೈಪಿ2ಡಿ6 ಎಂಬುದು ಮುಖ್ಯವಾದದ್ದು. ಖಿನ್ನತೆಗೆ ಕೊಡುವ ಫ್ಲುಯೊಕ್ಸೆಟಿನ್ ಮತ್ತು ಪ್ಯಾರೊಕ್ಸೆಟಿನ್ ಆ ಕಿಣ್ವವನ್ನು ಬಲವಾಗಿ ಕಟ್ಟಿಹಾಕುತ್ತವೆ. ಡುಲೊಕ್ಸೆಟಿನ್ ಸ್ವಲ್ಪ ಮಟ್ಟಿಗೆ. ಬಚ್ಚಲಿನ ನೀರು ಹೋಗುವ ತೂಬಿಗೆ ಅರ್ಧ ಬಟ್ಟೆ ತುರುಕಿದರೆ ನಲ್ಲಿಯನ್ನು ಸಣ್ಣಗೆ ಬಿಟ್ಟರೂ ನೀರು ಮೇಲೇರುತ್ತದಲ್ಲವೇ, ಹಾಗೆಯೇ ಚೀಟಿಯಲ್ಲಿ 25 ಎಂದು ಬರೆದಿದ್ದರೂ ರಕ್ತದಲ್ಲಿ ಅದರ ಹಲವು ಪಟ್ಟು ಔಷಧ ನಿಲ್ಲಬಹುದು. ಇದರ ಜೊತೆಗೆ ಕ್ಲಿಡಿನಿಯಮ್ ಮತ್ತು ಡೈಸೈಕ್ಲೊಮಿನ್ ಸಹ ಅಮಿಟ್ರಿಪ್ಟಿಲಿನ್‌ನಂತೆಯೇ ಬಾಯಿ ಒಣಗಿಸುವ, ಎದೆಬಡಿತ ಹೆಚ್ಚಿಸುವ ಗುಣದವು, ಮತ್ತು ಕ್ಲಾರ್‌ಡಯಾಜಿಪಾಕ್ಸೈಡ್ ಮಂಪರು ತರುವ ಔಷಧ. ಫ್ಲುಯೊಕ್ಸೆಟಿನ್ ದೇಹದಿಂದ ಬಹಳ ನಿಧಾನವಾಗಿ ಹೋಗುವುದರಿಂದ, ಅದನ್ನು ನಿಲ್ಲಿಸಿ ವಾರಗಳು ಕಳೆದರೂ ಈ ಪ್ರಭಾವ ಉಳಿದಿರುತ್ತದೆ; “ಅದನ್ನು ಹೋದ ತಿಂಗಳೇ ಬಿಟ್ಟೆ” ಎನ್ನುವವರೂ ಅದಕ್ಕಾಗಿ ವೈದ್ಯರಿಗೆ ಹೇಳಲೇಬೇಕು. ಆ ಹೆಣ್ಣುಮಗಳಿಗೆ ಅಮಿಟ್ರಿಪ್ಟಿಲಿನ್ ಪ್ರಮಾಣವನ್ನು 10ಕ್ಕೆ ಇಳಿಸಿ, ಮೂರು ಔಷಧಗಳ ಮಾತ್ರೆಯನ್ನು ಬಿಡಿಸಿ, ಬರೆದುಕೊಟ್ಟ ವೈದ್ಯರಿಗೆ ಒಂದು ಪತ್ರ ಕೊಟ್ಟು ಕಳಿಸಿದ ಮೇಲೆ ತೊಂದರೆಗಳು ಹಿಡಿತಕ್ಕೆ ಬಂದವು.

ಇಲ್ಲಿಯೇ ಇನ್ನೊಂದು ವಿಷಯವನ್ನು ಸೇರಿಸಬೇಕು. “ಗ್ಯಾಸ್ಟ್ರಿಕ್ ಮಾತ್ರೆ” ಎಂದು ನಮ್ಮ ಜನ ಅಂಗಡಿಯಿಂದ ಕೇಳಿ ತರುವ ಕೆಲವು ಔಷಧಗಳಲ್ಲಿ ಮನೋರೋಗದ ಔಷಧಗಳೇ ಅಡಗಿರುತ್ತವೆ. ಪ್ಯಾಂಟೊಪ್ರಜೋಲ್ ಅಥವಾ ರಾಬೆಪ್ರಜೋಲ್ ಜೊತೆ ಸೇರಿ ಬರುವ ಲೆವೊಸಲ್ಪಿರೈಡ್, ಸ್ಕಿಜೋಫ್ರೇನಿಯಾಕ್ಕೆ ಕೊಡುವ ಹಾಲೊಪೆರಿಡಾಲ್‌ನಂತೆ ಡೋಪಮಿನ್ ಎಂಬ ಮಿದುಳಿನ ರಾಸಾಯನಿಕವನ್ನು ತಡೆಯುವ ಔಷಧ. ಸ್ಕಿಜೋಫ್ರೇನಿಯಾದಂಥ ಚಿತ್ತವಿಕಲತೆಗೆ ರಿಸ್ಪೆರಿಡೋನ್ ತೆಗೆದುಕೊಳ್ಳುತ್ತಿರುವವರು ಇದನ್ನೂ ತಿಂಗಳುಗಟ್ಟಲೆ ನುಂಗಿದರೆ ಕೈ ನಡುಕ, ಮೈ ಬಿಗಿತ, ಹೆಂಗಸರಲ್ಲಿ ಮುಟ್ಟು ನಿಲ್ಲುವುದು, ಎದೆಹಾಲು ಒಸರುವುದು ಕಾಣಿಸಿಕೊಳ್ಳಬಹುದು, ಮತ್ತು ಅದರ ಹೊಣೆಯೆಲ್ಲ ರಿಸ್ಪೆರಿಡೋನ್ ಮೇಲೆ ಬೀಳುತ್ತದೆ. ಹಾಗೆಯೇ ಫ್ಲುಪೆಂಟಿಕ್ಸಾಲ್ ಮತ್ತು ಮೆಲಿಟ್ರಾಸೆನ್ ಜೋಡಿಯಲ್ಲಿ ಮೊದಲನೆಯದು ಚಿತ್ತವಿಕಲತೆಯ ಔಷಧ, ಎರಡನೆಯದು ಟ್ರೈಸೈಕ್ಲಿಕ್. ಹೊಟ್ಟೆಯ ಮಾತ್ರೆ ಎಂದು ಹೇಳಿದ ಮಾತ್ರಕ್ಕೆ ಅದು ಪಟ್ಟಿಯಿಂದ ಹೊರಗುಳಿಯಬಾರದು.

ಸೆರೊಟೋನಿನ್ ಹೆಚ್ಚಿಸುವ ಎರಡು ಮೂರು ಔಷಧಗಳು ಒಟ್ಟಾದಾಗ ಬರಬಹುದಾದ ಸೆರೊಟೋನಿನ್ ಸಿಂಡ್ರೋಮ್ ಬಗ್ಗೆ ಸಭಿಕರೊಬ್ಬರು ಕೇಳಿದರು. ಖಿನ್ನತೆಗೆ ಕೊಡುವ ಸರ್ಟ್ರಲಿನ್ ಅಥವಾ ಎಸ್ಸಿಟಾಲೊಪ್ರಾಮ್ ಜೊತೆ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್ ಕೊಡುವುದು ಸಾಮಾನ್ಯ, ಅದರಿಂದ ಈ ತೊಂದರೆ ಬರುವುದು ಅಪರೂಪ. ಆದರೆ ಇವುಗಳ ಮೇಲೆ ನೋವಿಗೆಂದು ಟ್ರಮಡಾಲ್, ಸೋಂಕಿಗೆಂದು ಲಿನೆಜೊಲಿಡ್ ಸೇರಿದರೆ ಅಪಾಯ ಹೆಚ್ಚುತ್ತದೆ. ಚಡಪಡಿಕೆ, ವಿಪರೀತ ಬೆವರು, ನಡುಕ, ಕಾಲಿನ ಸ್ನಾಯುಗಳು ತಾವಾಗಿಯೇ ಅದುರುವುದು, ಜ್ವರ, ಜೊತೆಗೆ ಭೇದಿ; ಹೊಸ ಔಷಧ ಸೇರಿದ ಇಲ್ಲವೇ ಪ್ರಮಾಣ ಏರಿದ ಗಂಟೆಗಳಲ್ಲಿಯೇ ಇವು ಕಾಣಿಸಿಕೊಂಡರೆ ಐಬಿಎಸ್ ಕೆರಳಿದೆ ಎಂದು ಮನೆಯಲ್ಲಿ ಕಾಯಬಾರದು, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಖಿನ್ನತೆಗೆ ಕೊಡುವ, ಎಂಎಒ (ಮನೋಅಮಿನ್ ಆಕ್ಸಿಡೇಸ್) ಎಂಬ ಕಿಣ್ವವನ್ನು ತಡೆಯುವ ಹಳೆಯ ಗುಂಪಿನ ಔಷಧಗಳ ಜೊತೆಗಂತೂ ಟ್ರೈಸೈಕ್ಲಿಕ್ ಕೊಡುವಂತಿಲ್ಲ. ನಡುವೆ ಎರಡು ವಾರಗಳ ಅಂತರ ಬೇಕು.

ಚಿತ್ತವಿಕಲತೆಯ ಔಷಧಗಳ ಜೊತೆ ಎರಡು ಕಡೆ ಎಚ್ಚರ ಬೇಕು. ಒಂದು ಹೃದಯದ ಲಯ: ಹಾಲೊಪೆರಿಡಾಲ್, ಕ್ವೆಟಿಯಪಿನ್, ಜಿಪ್ರಾಸಿಡೋನ್ ಮುಂತಾದವು ಇಸಿಜಿಯಲ್ಲಿ ಕ್ಯೂಟಿ ಎಂಬ ಅಂತರವನ್ನು ಹಿಗ್ಗಿಸಿ ಹೃದಯದ ಲಯ ತಪ್ಪಿಸಬಲ್ಲವು. ಅಮಿಟ್ರಿಪ್ಟಿಲಿನ್ ಕೂಡ ಹಾಗೆಯೇ. ವಾಂತಿಗೆ ಕೊಡುವ ಡೊಂಪೆರಿಡೋನ್ ಮತ್ತು ಒಂಡನ್ಸೆಟ್ರಾನ್ ಸಹ ಅದೇ ಸಾಲಿಗೆ ಸೇರುತ್ತವೆ. ಭೇದಿಯಿಂದ ಪೊಟ್ಯಾಶಿಯಂ ಇಳಿದಿದ್ದರೆ ಅಪಾಯ ಮತ್ತಷ್ಟು ಹೆಚ್ಚು. ಆದ್ದರಿಂದ ಇಂಥವರಿಗೆ ಆರಂಭಕ್ಕೆ ಮೊದಲು ಒಂದು ಇಸಿಜಿ ಮಾಡಿಸುವುದು ಒಳ್ಳೆಯದು. ಅದು ತಾಲ್ಲೂಕು ಆಸ್ಪತ್ರೆಯಲ್ಲಿಯೂ ಆಗುವ ಪರೀಕ್ಷೆ.

ಎರಡನೆಯದು ಕ್ಲೊಜಪಿನ್. ಬೇರೆ ಯಾವ ಔಷಧಕ್ಕೂ ಬಗ್ಗದ ಸ್ಕಿಜೋಫ್ರೇನಿಯಾಕ್ಕೆ ಅದು ವರದಾನ, ಆದರೆ ಕರುಳಿನ ಚಲನೆಯನ್ನು ಅಪಾಯಕಾರಿಯಾಗಿ ಕುಂಠಿಸಬಲ್ಲದು. ಮಲಬದ್ಧತೆ ಬೆಳೆದು ಕರುಳು ಸಂಪೂರ್ಣ ಸ್ತಬ್ಧವಾಗಿ ಪ್ರಾಣಕ್ಕೆ ಎರವಾಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರ ಜನವರಿಯಲ್ಲಿ ತನ್ನ ಎಚ್ಚರಿಕೆಯನ್ನು ಬಲಪಡಿಸಿತು. ನಮ್ಮಲ್ಲಿ ಮೈ ಬಿಗಿತಕ್ಕೆಂದು ಚೀಟಿಗೆ ಸೇರಿದ ಟ್ರೈಹೆಕ್ಸಿಫೆನಿಡಿಲ್ ಎಷ್ಟೋ ವರ್ಷ ಅಲ್ಲಿಯೇ ಉಳಿದುಬಿಡುತ್ತದೆ. ಅದೂ ಮಲಬದ್ಧತೆ ತರುವಂಥದ್ದೇ. ಈ ಎರಡರ ಮೇಲೆ ಹೊಟ್ಟೆನೋವಿಗೆ ಅಮಿಟ್ರಿಪ್ಟಿಲಿನ್ನನ್ನೋ ಡೈಸೈಕ್ಲೊಮಿನ್ನನ್ನೋ ಸೇರಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕ್ಲೊಜಪಿನ್ ತೆಗೆದುಕೊಳ್ಳುವವರು ನಾವು ಕೇಳದಿದ್ದರೆ ಮಲದ ವಿಷಯ ಹೇಳುವುದಿಲ್ಲ. ಮನೆಯವರು ಸಂಕೋಚಪಡದೆ ವಿಚಾರಿಸಬೇಕು. ಹೊಟ್ಟೆ ಉಬ್ಬಿ, ವಾಂತಿಯಾಗಿ, ಮೂರು ದಿನ ಮಲ ಹೋಗಿಲ್ಲವೆಂದರೆ ಅದು ತುರ್ತು ಸಂದರ್ಭ.

ಲಿಥಿಯಂ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಹೇಳಬೇಕು. ಇದರಲ್ಲಿ ಭೇದಿಯೇ ಕಾರಣವೂ ಆಗಬಹುದು, ಪರಿಣಾಮವೂ ಆಗಬಹುದು. ಸಕಲೇಶಪುರದ ಕಡೆ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವ, ಬೈಪೋಲಾರ್ ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುವ ವ್ಯಕ್ತಿಯೊಬ್ಬರಿದ್ದಾರೆ ಎಂದಿಟ್ಟುಕೊಳ್ಳಿ. ಅವರಿಗೆ ಐಬಿಎಸ್ ಇದೆ, ಆಗಾಗ ಭೇದಿಯಾಗುವುದು ರೂಢಿಯಾಗಿದೆ. ಈ ಬಾರಿ ಭೇದಿ ನಿಲ್ಲುವುದಿಲ್ಲ. ನಾಲ್ಕು ದಿನದಲ್ಲಿ ಮೈಯ ನೀರೂ ಉಪ್ಪೂ ಇಳಿಯುತ್ತವೆ. ಆಗ ಮೂತ್ರಪಿಂಡ ಲಿಥಿಯಮ್ಮನ್ನು ಹೊರಹಾಕದೆ ಹಿಡಿದಿಟ್ಟುಕೊಳ್ಳುತ್ತದೆ. ರಕ್ತದಲ್ಲಿ ಅದು ಏರಿದಂತೆ ಮತ್ತಷ್ಟು ಭೇದಿ, ವಾಂತಿ. ಲೆಕ್ಕದ ಪುಸ್ತಕದಲ್ಲಿ ಅಕ್ಷರ ಕೂರದಷ್ಟು ಕೈ ನಡುಗುತ್ತದೆ, ನಡಿಗೆ ತೂರಾಡುತ್ತದೆ, ಮಾತು ತೊದಲುತ್ತದೆ. ಇದರ ನಡುವೆ ಮೈಕೈ ನೋವಿಗೆ ಡೈಕ್ಲೊಫೆನಾಕ್ ನುಂಗಿದರೆ ಲಿಥಿಯಂ ಇನ್ನೂ ಏರುತ್ತದೆ. ಸಾಮಾನ್ಯವಾಗಿ ರಕ್ತದ ಮಟ್ಟವನ್ನು ಲೀಟರಿಗೆ 0.6ರಿಂದ 1.0 ಮಿಲಿಮೋಲ್ ನಡುವೆ ಇಡುತ್ತೇವೆ; 1.5 ದಾಟಿದರೆ ವಿಷದ ಲಕ್ಷಣಗಳು ಕಾಣತೊಡಗುತ್ತವೆ. ಆದ್ದರಿಂದ ಲಿಥಿಯಂ ತೆಗೆದುಕೊಳ್ಳುವವರಲ್ಲಿ ಎಂದಿನಂತಲ್ಲದ ಭೇದಿಯನ್ನು ಐಬಿಎಸ್ ಎಂದು ಭಾವಿಸದೆ, ಅದೇ ದಿನ ವೈದ್ಯರನ್ನು ಕಂಡು ರಕ್ತದ ಮಟ್ಟ ನೋಡಿಸಬೇಕು.

ಬೈಪೋಲಾರ್ ಕಾಯಿಲೆಯಲ್ಲಿ ಮತ್ತೊಂದು ಪ್ರಶ್ನೆಯೂ ಇದೆ. ಖಿನ್ನತೆ ನಿವಾರಕಗಳು ಉನ್ಮಾದವನ್ನು ಕೆರಳಿಸಬಲ್ಲವು, ಟ್ರೈಸೈಕ್ಲಿಕ್‌ಗಳಲ್ಲಿ ಆ ಗುಣ ಹೆಚ್ಚು. 10 ಮಿಲಿಗ್ರಾಂನಲ್ಲಿ ಅಪಾಯ ಕಡಿಮೆಯೆಂದು ಭಾವಿಸಬಹುದಾದರೂ ಮನಃಸ್ಥಿತಿ ಸ್ಥಿರಗೊಳಿಸುವ ಔಷಧದ ರಕ್ಷಣೆಯಿಲ್ಲದೆ ಅದನ್ನು ಆರಂಭಿಸುವುದು ನನಗೆ ಒಪ್ಪಿಗೆಯಿಲ್ಲ. ನಿದ್ದೆ ಕಡಿಮೆಯಾದರೂ ದಣಿವೇ ಇಲ್ಲದಿರುವುದು, ಮಾತು ಹೆಚ್ಚುವುದು, ಕೈ ಬಿಚ್ಚಿ ಖರ್ಚು ಮಾಡುವುದು ಇವನ್ನು ಮೊದಲು ಗಮನಿಸುವವರು ಮನೆಯವರೇ. ಮನಃಸ್ಥಿತಿ ಸ್ಥಿರಗೊಳಿಸುವ ಈ ಔಷಧಗಳಲ್ಲಿ ವಾಲ್ಪ್ರೊಯೇಟ್ ಅಮಿಟ್ರಿಪ್ಟಿಲಿನ್ ಮಟ್ಟವನ್ನು ಏರಿಸುತ್ತದೆ, ಕಾರ್ಬಮಜೆಪಿನ್ ಇಳಿಸುತ್ತದೆ.

ಈಗ ನಡೆಯುತ್ತಿರುವ ಔಷಧವೇ ಹೊಟ್ಟೆ ಕೆಡಲು ಕಾರಣವೇ ಎಂಬುದನ್ನೂ ನೋಡಬೇಕು. ಸರ್ಟ್ರಲಿನ್ ಆರಂಭಿಸಿದ ಮೊದಲ ಎರಡು ವಾರ ಭೇದಿಯಾಗುವುದು ಸಾಮಾನ್ಯ. ಮಾತ್ರೆಯನ್ನು ಥಟ್ಟನೆ ಬಿಟ್ಟರೂ ಹೊಟ್ಟೆ ತೊಳೆಸುತ್ತದೆ. ಕೆಲವೊಮ್ಮೆ ಮತ್ತೊಂದು ಔಷಧ ಸೇರಿಸುವ ಬದಲು ಇರುವುದನ್ನೇ ಬದಲಿಸಿದರೆ ಸಾಕು: ಭೇದಿಯ ಐಬಿಎಸ್‌ಗೆ ಟ್ರೈಸೈಕ್ಲಿಕ್ ಹೊಂದುತ್ತದೆ, ಮಲಬದ್ಧತೆ ಇರುವವರಿಗೆ, ಖಿನ್ನತೆಯೂ ಇದ್ದರೆ, ಸರ್ಟ್ರಲಿನ್, ಫ್ಲುಯೊಕ್ಸೆಟಿನ್ ಮುಂತಾದ ಸೆರೊಟೋನಿನ್ ಗುಂಪಿನ ಔಷಧವೇ ವಾಸಿ. ಇಸಬಗೋಲು, ಊಟದ ಹೊತ್ತು ತಪ್ಪದಿರುವುದು, ಬರಿಹೊಟ್ಟೆಯ ಕಾಫಿ ಬಿಡುವುದು ಇವನ್ನು ಪ್ರಯತ್ನಿಸದೆ ಮಾತ್ರೆಗೆ ಹೋಗುವ ಅಗತ್ಯವಿಲ್ಲ. ಕಾಫಿ ಬೆಳೆಯುವ ಊರಿನವರಿಗೆ ಇದನ್ನು ಹೇಳುವುದು ಕಷ್ಟವೆಂದು ನನಗೆ ಗೊತ್ತಿದೆ.

ಮಾತ್ರೆಯನ್ನು ರಾತ್ರಿ ಎಂಟರ ಸುಮಾರಿಗೆ ತೆಗೆದುಕೊಂಡರೆ ಬೆಳಗಿನ ಮಂಪರು ಕಡಿಮೆ. ಆರಂಭದ ವಾರಗಳಲ್ಲಿ ಬೆಳಗಿನ ಜಾವವೇ ಎದ್ದು ಶಿರಾಡಿ ಘಾಟಿಯಲ್ಲಿ ಗಾಡಿ ಓಡಿಸುವ ಕೆಲಸವಿದ್ದರೆ ಮೊದಲೇ ಹೇಳಿ. ಕುಡಿತ ಇದರ ಜೊತೆ ಕೂಡದು. ಪ್ರಾಸ್ಟೇಟ್ ತೊಂದರೆ, ಕಣ್ಣಿನ ಗ್ಲಾಕೋಮಾ, ಹೃದಯಾಘಾತವಾಗಿದ್ದ ಇತಿಹಾಸ ಇದ್ದವರಿಗೆ ಬೇರೆ ದಾರಿ ಹುಡುಕಬೇಕು. ವಯಸ್ಸಾದವರು ರಾತ್ರಿ ಎದ್ದಾಗ ಬೀಳದಂತೆ ನೋಡಿಕೊಳ್ಳಬೇಕು.

ಇನ್ನೊಂದು ಮಾತನ್ನು ಮನೆಯವರು ದಯವಿಟ್ಟು ಮನಸ್ಸಿಗೆ ತಂದುಕೊಳ್ಳಬೇಕು. ಟ್ರೈಸೈಕ್ಲಿಕ್ ಮಾತ್ರೆಗಳು ಮಿತಿಮೀರಿ ಹೊಟ್ಟೆಗೆ ಹೋದರೆ ಹೃದಯಕ್ಕೆ ಬಹಳ ಅಪಾಯ, ಮಕ್ಕಳಿಗಂತೂ ಕೆಲವೇ ಮಾತ್ರೆಗಳು ಸಾಕು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ, ಅಥವಾ ರೋಗಿಗೆ ಸಾಯುವ ಯೋಚನೆಗಳು ಬಂದಿದ್ದರೆ, ಒಂದೆರಡು ವಾರಕ್ಕಾಗುವಷ್ಟನ್ನೇ ತಂದು ಬೀಗದಲ್ಲಿಟ್ಟು, ಮನೆಯವರೇ ಕೈಗೆ ಕೊಡಬೇಕು. ಅಂಥ ಯೋಚನೆಗಳಿವೆಯೆಂದು ಹೊಟ್ಟೆಯ ವೈದ್ಯರಿಗೆ ಹೇಳಲು ಹಿಂಜರಿಯಬೇಡಿ. ಔಷಧದ ಆಯ್ಕೆಯೇ ಅದರಿಂದ ಬದಲಾಗಬಹುದು. ರಾತ್ರಿ ಹೊತ್ತು ಯಾರೂ ಸಿಗದಿದ್ದರೆ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಉಚಿತವಾಗಿ ಕನ್ನಡದಲ್ಲಿಯೇ ಮಾತನಾಡುತ್ತಾರೆ.

ಜೀವನಪೂರ್ತಿ ನುಂಗಬೇಕೇ ಎಂದು ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಬೇಕಾಗಿಲ್ಲ. ಗುಣ ಕಾಣಲು ನಾಲ್ಕರಿಂದ ಎಂಟು ವಾರ ಹಿಡಿಯುತ್ತದೆ. ಮೊದಲ ವಾರದಲ್ಲಿ ಬಾಯಿ ಒಣಗುತ್ತದೆ ಆದರೆ ಹೊಟ್ಟೆನೋವು ಹೋಗಿಲ್ಲವೆಂದು ಬಿಡುವವರೇ ಹೆಚ್ಚು. ಪ್ರಯೋಜನವಾದರೆ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸಿ, ಆಮೇಲೆ ಕೆಲವು ವಾರಗಳಲ್ಲಿ ಇಳಿಸುತ್ತ ಬಂದು ನಿಲ್ಲಿಸಬಹುದು. ಹೊಟ್ಟೆಯ ಮಾತ್ರೆ ನಿಂತಿತೆಂದು ಮನಸ್ಸಿನ ಮಾತ್ರೆಯೂ ನಿಲ್ಲಬೇಕಾಗಿಲ್ಲ, ಅವೆರಡರ ಲೆಕ್ಕ ಬೇರೆ. ಆದರೆ ನಡುವೆ ಮನೋವೈದ್ಯರು ಫ್ಲುಯೊಕ್ಸೆಟಿನ್ನನ್ನು ಸೇರಿಸಿದರೆ ಅಥವಾ ಕಾರ್ಬಮಜೆಪಿನ್ನನ್ನು ತೆಗೆದರೆ, ಹೊಟ್ಟೆಗೆ ಕೊಟ್ಟಿರುವ ಅದೇ 20 ಮಿಲಿಗ್ರಾಂ ಮರುವಾರದಿಂದ ಬೇರೆಯದೇ ಪ್ರಮಾಣದಂತೆ ವರ್ತಿಸತೊಡಗುತ್ತದೆ. ಹೀಗಾಗಿ ಚೀಟಿ ಬದಲಾದಾಗಲೆಲ್ಲ, ಸ್ಟ್ರಿಪ್ಪಿನ ಹೆಸರಿರುವ ಭಾಗವನ್ನು ಕತ್ತರಿಸದೆ ಕೊಡಿ ಎಂದು ಅಂಗಡಿಯವರನ್ನು ಕೇಳಿ ಪಡೆದು, ಎಲ್ಲವನ್ನೂ ಒಂದೇ ಕವರಿನಲ್ಲಿ ಹಾಕಿಕೊಂಡು ಇಬ್ಬರು ವೈದ್ಯರ ಬಳಿಗೂ ತನ್ನಿ.